ಘಾಟಿ ದಾಟಿ ಬಂದ ಅಳು

ಬೆಳಗಿನ ಎಂಟು ಗಂಟೆ. ಶಾಬ್ದಾನ್ ತನ್ನ ಹಳೆಯ ಪೊಬೇದಾ ಕಾರಿನ ಬಾನೆಟ್ಟು ಎತ್ತಿ, ರಾತ್ರಿಯೆಲ್ಲ ಇಂಜಿನ್ನಿಗೆ ಹೊದಿಸಿಟ್ಟಿದ್ದ ಕಂಬಳಿ ತೆಗೆದು, ರೇಡಿಯೇಟರಿಗೆ ಬಿಸಿನೀರು ಹುಯ್ಯುತ್ತಿದ್ದಾಗ ಗೇಟಿನ ಮುಂದೆ ಕಲ್ಲಿದ್ದಲಿನ ಲಾರಿಯೊಂದು ಬಂದು ನಿಂತಿತು. ಡ್ರೈವರು ಕೆಳಗಿಳಿಯಲೂ ಇಲ್ಲ. ಕಿಟಕಿಯಿಂದಲೇ ಕೂಗಿದ.

“ಶಾಬ್ದಾನ್, ನಿಮ್ಮಮ್ಮ ಹೇಳಿ ಕಳಿಸಿದಾರೆ. ಅಪ್ಪ ಕರೀತಿದಾರಂತೆ. ಕಾರು ತಗೊಂಡು ಇವತ್ತೇ ಬರಬೇಕಂತೆ.”

“ಒಳಗೆ ಬಾರೋ, ಒಂದು ಬಟ್ಟಲು ಚಹಾ ಕುಡಿದು...”

“ಬೇಡಪ್ಪಾ, ಬೇಡ,” ಎಂದವನೇ ಮುಖ ತಿರುಗಿಸಿಕೊಂಡು ಹೊರಟೇಬಿಟ್ಟ.

ಶಾಬ್ದಾನನ ಕೈಯಿಂದ ಬಕೆಟ್ಟು ಜಾರಿತು. ಬಿಸಿನೀರು ಬೂಟಿನೊಳಗೆ ಇಳಿದರೂ ಅವನಿಗೆ ಅರಿವಾಗಲಿಲ್ಲ.

ನಮ್ಮ ನಾರಿನ್ ಸೀಮೆಯಲ್ಲಿ ಸಾವಿನ ಸುದ್ದಿಯನ್ನು ಯಾರೂ ನೆಟ್ಟಗೆ ಹೇಳುವುದಿಲ್ಲ. ದೂರದಲ್ಲಿರುವ ಮಗನಿಗೆ ಬಾ ಅನ್ನುತ್ತಾರೆ, ಅಷ್ಟೇ. ಯಾಕೆ, ಏನು ಅಂತ ಮಗನೂ ಕೇಳುವ ಹಾಗಿಲ್ಲ. ಕೇಳಿದರೆ ಹೆತ್ತವನನ್ನು ಬಾಯಾರೆ ಕೊಂದಂತೆ. ಅದೂ ಶಾಬ್ದಾನನ ಅಪ್ಪ ಮಾಂಬೆತಾಲಿಯಂಥ ಜಿಗುಟು ಮುದುಕ ಮಗನನ್ನು ‘ಕರೀತಿದಾರೆ’ ಅಂದರೆ, ಸುದ್ದಿ ತಂದವನು ಚಹಾ ಕೂಡ ಬೇಡವೆಂದರೆ, ಇನ್ನು ತಿಳಿಯಲು ಏನು ಉಳಿಯಿತು? ಲಾರಿಯ ಇಂಜಿನ್ ಆರಿಸಿದರೆ ಆ ಚಳಿಗೆ ಮತ್ತೆ ಹೊತ್ತಿಕೊಳ್ಳುವುದಿಲ್ಲ, ಅದಕ್ಕೇ ಅವನು ಓಡಿದ್ದು ಎಂಬುದು ಶಾಬ್ದಾನನ ತಲೆಗೆ ಹೊಳೆಯಲೇ ಇಲ್ಲ.

ಅಪ್ಪ ಮಗ ಮಾತು ಬಿಟ್ಟು ಐದು ಚಳಿಗಾಲ ಕಳೆದಿತ್ತು. ಕಾರಣ ಇದೇ ಕಾರು. ಮೂವತ್ತು ವರ್ಷ ಕುರಿ ಕಾಯ್ದದ್ದಕ್ಕೆ ಮಾಂಬೆತಾಲಿಗೆ ಸರ್ಕಾರ ಬಹುಮಾನವಾಗಿ ಕೊಟ್ಟಿದ್ದು. ಅದನ್ನು ಶಾಬ್ದಾನ್ ಅಪ್ಪನನ್ನು ಒಂದು ಮಾತೂ ಕೇಳದೆ ಕೋಚ್ಕೋರ್ ಪೇಟೆಗೆ ತಂದು ಟ್ಯಾಕ್ಸಿಗೆ ಬಿಟ್ಟಿದ್ದ. ಮುದುಕ ನೆಂಟರು ತುಂಬಿದ ಮನೆಯಲ್ಲಿ ಎಲ್ಲರೆದುರೇ “ಕಳ್ಳನನ್ನ ಹೆತ್ತೆ” ಅಂದ. ಮಗನೇನು ಕಡಿಮೆಯೇ? “ನೀನು ಬದುಕಿರೋತನಕ ಈ ಹೊಸ್ತಿಲು ತುಳಿಯಲ್ಲ” ಅಂದುಬಿಟ್ಟ. ಆ ದರಿದ್ರ ಮಾತು ಈಗ ಹೀಗೆ ನಿಜವಾಗಿತ್ತು. ಇನ್ನು ಉಳಿದದ್ದು ಒಂದೇ, ಮಣ್ಣಿಗಿಡುವ ಮುಂಚೆ ತಲುಪಿ ಆ ಮುಖದ ಮುಂದೆ ನಿಂತು ತಪ್ಪಾಯಿತು ಅನ್ನುವುದು.

ಪಕ್ಕದ ಮನೆಯಲ್ಲಿದ್ದ ದೊಡ್ಡಪ್ಪನ ಮಗ ಓಮುರ್ಕುಲ್ ವಿಷಯ ಕೇಳಿದ್ದೇ ಟೋಪಿ ತೆಗೆದ. ಬೇರೇನೂ ಕೇಳದೆ ಕೊಟ್ಟಿಗೆಗೆ ಹೋಗಿ ಒಂದು ಕುರಿ ಎಳೆದು ತಂದು ಹಿಂದಿನ ಸೀಟಿಗೆ ದಬ್ಬಿದ. ಸಾವಿನ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ?

“ನೀನು ಸೂತಕದ ನಡುಕಟ್ಟು ಬಿಗಿದುಕೋ. ಕಾರು ನಾನು ಓಡಿಸಲಾ?”

“ಬೇಡ ಬೈಕೆ. ಇದು ನನ್ನ ಕೈಗೆ ಬಿಟ್ರೆ ಯಾರ ಕೈಗೂ ಬಗ್ಗಲ್ಲ.” ಎಲ್ಲರೂ ಓಮುರ್ಕುಲನನ್ನು ಕರೆಯುವುದು ಬೈಕೆ, ಅಂದರೆ ಅಣ್ಣ, ಎಂದೇ.

ದೋಲೋನ್ ಘಾಟಿ ಹತ್ತುವಷ್ಟರಲ್ಲಿ ಹಿಮ ಗಾಳಿಗೆ ಅಡ್ಡಡ್ಡ ಬೀಸುತ್ತಿತ್ತು. ಹಿಂದೆ ಕುರಿ ಉಸಿರಾಡಿದಂತೆಲ್ಲ ಗಾಜಿನ ಒಳಗಡೆಯೂ ಹಿಮ ಕಟ್ಟುತ್ತಿತ್ತು. ಓಮುರ್ಕುಲ್ ಉಪ್ಪಿನ ಗಂಟಿನಿಂದ ಗಾಜು ಉಜ್ಜಿ ಉಜ್ಜಿ ಅಂಗೈಯಗಲ ಕಿಂಡಿ ಮಾಡಿಕೊಡುತ್ತಿದ್ದ. ನಲವತ್ತು ವರ್ಷ ದಾಟಿದ ಕಾರು ಏದುಸಿರು ಬಿಡುತ್ತಾ ಎರಡನೇ ಗೇರಿನಲ್ಲೇ ತೆವಳಿತು. ಶಾಬ್ದಾನನಿಗೆ ದಾರಿಯ ಮೇಲೆ ಗಮನವೇ ಇರಲಿಲ್ಲ. ಗರ ಬಡಿದವನಂತೆ ಸ್ಟೀರಿಂಗು ಹಿಡಿದು ಕೂತಿದ್ದ.

ನೆತ್ತಿಯಲ್ಲಿ ಹಿಮ ತಳ್ಳುವ ಬುಲ್ಡೋಜರಿನವರಿಬ್ಬರು ಕೈ ಅಡ್ಡ ಹಿಡಿದು ತಡೆದರು.

“ಈ ಗಾಳೀಲಿ ಎಲ್ಲಿಗಯ್ಯಾ? ಈ ಮುದಿ ಗಾಡೀನ ಮ್ಯೂಸಿಯಮ್ಮಿಗೆ ಕೊಡೋದು ಬಿಟ್ಟು!”

“ಅಪ್ಪ ಕರೀತಿದಾರೆ,” ಅಂದ ಶಾಬ್ದಾನ್.

ನಗು ಅಲ್ಲೇ ಸತ್ತಿತು. ಇಬ್ಬರೂ ಟೋಪಿ ತೆಗೆದು, ಸತ್ತವರಿಗೆ ಪ್ರಾರ್ಥಿಸಿ, ಅಂಗೈಗಳನ್ನು ಮುಖಕ್ಕೆ ಸವರಿಕೊಂಡರು. “ಗಟ್ಟಿಯಾಗಿರಪ್ಪಾ,” ಎಂದು ದಾರಿ ಬಿಟ್ಟರು. ಒಂದು ಎಳೆಯಷ್ಟು ಅನುಮಾನ ಉಳಿದಿದ್ದರೆ ಅದೂ ಅಲ್ಲಿಗೆ ಮುಗಿಯಿತು. ಇವರಿಗೂ ತಿಳಿದಿದೆ ಅಂದುಕೊಂಡ ಶಾಬ್ದಾನ್. ಅವರಿಗೆ ತಿಳಿದದ್ದು ಅವನೇ ಈಗ ಹೇಳಿದ ಮಾತಿನಿಂದ!

ಇಳಿಜಾರಿನ ಮೂರನೇ ತಿರುವಿನಲ್ಲಿ ಹಿಮದಲ್ಲಿ ಜಾರದಿರಲೆಂದು ಹಿಂದಿನ ಚಕ್ರಕ್ಕೆ ಸುತ್ತಿದ್ದ ಸರಪಳಿ ಫಟ್ಟೆಂದು ಹರಿಯಿತು. ಕಾರು ಅಡ್ಡಡ್ಡ ಜಾರತೊಡಗಿತು. ಬ್ರೇಕು ತುಳಿದರೆ ಗಾಳಿ ತುಳಿದ ಹಾಗೆ. ಕಿಂಡಿಯಲ್ಲಿ ರಸ್ತೆ ಹೋಗಿ ಬರೀ ಬಿಳಿ ಕಂಡಿತು. ಓಮುರ್ಕುಲ್ ದೇವರ ಹೆಸರು ಕೂಗಿದ, ಕುರಿ ಅರಚಿತು. ಧಡ್ ಅಂತ ಏನೋ ಬಡಿದು ಎಲ್ಲ ನಿಂತಿತು. ಅಂಚಿನ ಕಲ್ಲುಕಂಬ! ಬಲಗಡೆಯ ಮಡ್‌ಗಾರ್ಡು ಅದಕ್ಕೆ ಮುದುಡಿ ಅಂಟಿಕೊಂಡಿತ್ತು. ಬಲಚಕ್ರದ ಕೆಳಗೆ ನೋಡಿದರೆ ತಳವೇ ಇಲ್ಲದ ಕೊರಕಲು.

ಶಾಬ್ದಾನ್ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಹೋ ಎಂದು ಅತ್ತುಬಿಟ್ಟ.

“ಈಗಲೇ ಎಲ್ಲಾ ಅತ್ತು ಮುಗಿಸಬೇಡ್ವೋ,” ಅಂದ ಓಮುರ್ಕುಲ್. ಅವನ ಹಲ್ಲುಗಳೇ ಕಟಕಟ ಅನ್ನುತ್ತಿದ್ದವು. “ಮನೆ ಮುಂದೆ ಬೇಕಾಗುತ್ತೆ.”

ಹಗ್ಗ ಹಾಕಿ, ಸನಿಕೆಯಿಂದ ಗೋರಿ, ಕಾರನ್ನು ದಾರಿಗೆ ತಂದು ಹಳ್ಳಿ ಮುಟ್ಟುವಾಗ ಮಧ್ಯಾಹ್ನ ಮೂರಾಗಿತ್ತು. ಮನೆಯ ಗೇಟಿನಲ್ಲಿ ಐದಾರು ಗಂಡಸರು ಸನಿಕೆ ಹಿಡಿದು ನಿಂತಿದ್ದರು. ಅಂಗಳದಲ್ಲಿ ಹೆಣ ಇಡುವ ಗುಡಾರ ಮಾತ್ರ ಕಾಣಲಿಲ್ಲ. ಅಯ್ಯೋ, ಆಗಲೇ ಮಣ್ಣು ಮಾಡಿಬಿಟ್ಟರೇ? ಶಾಬ್ದಾನ್ ಕಾರು ನಿಲ್ಲಿಸಿದ್ದೇ ಬಾಗಿಲು ತೆಗೆದು ಹಾರಿ, ಸಾವಿನ ಮನೆಗೆ ಗಂಡು ಮಕ್ಕಳು ಹೇಗೆ ಅಳುತ್ತಾ ಓಡಿಬರಬೇಕೋ ಹಾಗೇ ಓಡಿದ.

“ಅಯ್ಯೋ ನನ್ನಪ್ಪಾ! ನನ್ನ ಬೆಟ್ಟವೇ! ನಿನ್ನನ್ನ ಕೇಳದೆ ಕಾರು ಒಯ್ದೆನಲ್ಲಪ್ಪಾ! ಐದು ವರ್ಷ ನಿನ್ನ ಬಾಗಿಲಿಗೆ ಬರಲಿಲ್ಲವಲ್ಲಪ್ಪಾ! ಯಾರನ್ನ ಕೇಳಲಿ ಈಗ ಕ್ಷಮಾಪಣೆ? ಅಯ್ಯೋ, ನನ್ನಪ್ಪಾ!”

ಹಿಂದೆಯೇ ಓಮುರ್ಕುಲನೂ ರಾಗ ಎತ್ತಿದ. ಗೇಟಿನ ಮುಂದಿನ ಹಿಮ ಗೋರುತ್ತಿದ್ದ ಸನಿಕೆಯವರು ಬೆಪ್ಪಾಗಿ ಒಬ್ಬರ ಮುಖ ಒಬ್ಬರು ನೋಡಿದರು.

ಮನೆಯ ಬಾಗಿಲು ತೆರೆಯಿತು. ಕೆನ್ನೆ ಊದಿ, ಗಲ್ಲದಿಂದ ನೆತ್ತಿಯವರೆಗೆ ಹೆಂಡತಿಯ ಶಾಲು ಬಿಗಿದುಕೊಂಡ ಮಾಂಬೆತಾಲಿ ಮೆಟ್ಟಿಲ ಮೇಲೆ ಬಂದು ನಿಂತ.

“ಯಾರು ಸತ್ತರೋ?” ಅರ್ಧ ಬಾಯಲ್ಲೇ ಕೇಳಿದ.

ಶಾಬ್ದಾನ್ ಹಿಮದಲ್ಲೇ ಕೂತುಬಿಟ್ಟ.

“ನೀ... ನೀನು...”

“ನಾನಾ?” ಮುದುಕ ತನ್ನ ಎದೆ ಮುಟ್ಟಿಕೊಂಡ. ಕೆಂಪಾಗಿದ್ದ ಊದಿದ ಕೆನ್ನೆಯೂ ಬಿಳಿಚಿಕೊಂಡಿತು. “ನನಗೆ ಹಲ್ಲು ನೋವು ಕಣೋ! ನಾರಿನ್ ಪೇಟೆಗೆ ಹೋಗಿ ಕೀಳಿಸಬೇಕು, ಬಸ್ಸಿಲ್ಲ.”

“ಅಪ್ಪ ಕರೀತಿದಾರೆ ಅಂತ ಲಾರಿಯವನು...”

“ನಾನೆಲ್ಲಿ ಕರೆದೆ?”

ಹಿಂದಿನಿಂದ ಮುದುಕನ ಹೆಂಡತಿ ಕೆರಿಂಬುಬು ಸೊಂಟದ ಮೇಲೆ ಕೈಯಿಟ್ಟು ಬಂದಳು. “ನಾನು ಕರೆಸಿದ್ದು. ಹೌದು, ಏನೀಗ? ಹೀಗೆ ಹೇಳಿ ಕಳಿಸಿದ್ರೆ ಇವನು ಏನಂದ್ಕೋತಾನೆ ಅಂತ ನಂಗೊತ್ತಿಲ್ವಾ? ಗೊತ್ತಿದ್ದೇ ಕಳಿಸಿದೆ. ಸತ್ತರು ಅಂತೇನೂ ಹೇಳಲಿಲ್ಲ, ಸುಮ್ಮನೆ ಬಾ ಅಂದೆ.”

“ಥೂ, ನಿನ್ನ! ಬದುಕಿರೋ ಗಂಡನನ್ನ ಸಾಯಿಸಿದೆಯಲ್ಲೇ!”

“ಮತ್ತೆ? ಹಲ್ಲು ನೋವು ಅಂದಿದ್ರೆ ಬರ್ತಿದ್ನಾ ನಿನ್ನ ಮಗ? ಕೇಳು!”

ಮಾಂಬೆತಾಲಿ ಮಗನ ಕಡೆ ತಿರುಗಿದ.

“ಬರ್ತಿದ್ಯೇನೋ?”

ಶಾಬ್ದಾನ್ ತಲೆ ತಗ್ಗಿಸಿದ. ಅಷ್ಟೆಲ್ಲ ಅತ್ತ ಬಾಯಲ್ಲಿ ಈಗ ಸುಳ್ಳು ಹೊರಡಲಿಲ್ಲ. “ಇಲ್ಲಪ್ಪಾ.”

“ನೋಡಿದ್ಯಾ!” ಕೆರಿಂಬುಬುವಿನ ಮುಖದಲ್ಲಿ ಗೆದ್ದ ನಗು.

“ನಗಬೇಡ ಚಿಕ್ಕಮ್ಮಾ,” ಅಂದ ಓಮುರ್ಕುಲ್. “ಮೂರನೇ ತಿರುವಿನಲ್ಲಿ ಸರಪಳಿ ಹರೀತು. ಆ ಕಲ್ಲುಕಂಬ ಒಂದು ಇರದಿದ್ರೆ ಇವತ್ತು ನಿನ್ನ ಬಾಗಿಲಿಗೆ ಬರ್ತಿದ್ದದ್ದು ನಮ್ಮಿಬ್ಬರ ಹೆಣ. ಹೋಗಿ ಕಾರು ನೋಡು.”

ಮುದುಕ ಮನೆಯೊಳಗಿನ ಚಪ್ಪಲಿಯಲ್ಲೇ ಹಿಮ ತುಳಿದುಕೊಂಡು ಹೋದ. ಮುದುಡಿದ ಮಡ್‌ಗಾರ್ಡಿನ ಮೇಲೆ ಕೈಯಾಡಿಸಿದ. ಚೂರು ಕಲ್ಲು ಇನ್ನೂ ಅದರಲ್ಲಿ ಸಿಕ್ಕಿಕೊಂಡಿತ್ತು. ಮೂವತ್ತು ವರ್ಷ ದುಡಿದು ಗಳಿಸಿದ ತನ್ನ ಕಾರು ಜಜ್ಜಿಹೋದದ್ದಕ್ಕೆ ಅವನು ಒಂದು ಬೈಗುಳವನ್ನೂ ಆಡಲಿಲ್ಲ. ಅಲ್ಲೇ ನಿಂತು ಮಗನನ್ನು ಕರೆದ.

“ಕಳ್ಳ ಅಂದಿದ್ದೆ. ಆ ಮಾತನ್ನ ಇವತ್ತು ನಿನ್ನ ಹೆಣದ ಮುಂದೆ ವಾಪಸು ತಗೋಬೇಕಾಗಿತ್ತಲ್ಲೋ, ಮಗನೇ. ಅದು ನನ್ನ ತಪ್ಪು.”

“ನಂದೂ ತಪ್ಪಾಯ್ತಪ್ಪಾ,” ಅಂದ ಶಾಬ್ದಾನ್. ಕೂಗಿ ಹೇಳಿದ್ದಕ್ಕಿಂತ ಇದನ್ನು ಹೇಳುವುದು ಅವನಿಗೆ ಕಷ್ಟವಾಯಿತು.

ಆಗಲೇ ಅವರಿಬ್ಬರಿಗೂ ಆ ಶಬ್ದ ಕೇಳಿದ್ದು. ಮೆಟ್ಟಿಲ ಮೇಲೆ ಕೆರಿಂಬುಬು ಕುಸಿದು ಕೂತಿದ್ದಳು. ತಲೆಯ ವಸ್ತ್ರ ಜಾರಿತ್ತು. ಸತ್ತ ಮಗನಿಗೆ ಹೆಂಗಸರು ಹೇಗೆ ಹಾಡಿ ಅಳುತ್ತಾರೋ ಹಾಗೇ, ಶಾಬ್ದಾನನ ಹೆಸರು ಹಿಡಿದು, ಅವನ ಎಳವೆಯಿಂದ ಶುರುಮಾಡಿ ಅಳುತ್ತಿದ್ದಳು. “ನಾನೇ ಕರೆಸಿ ಕೊಲ್ಲಿಸ್ತಿದ್ದೆನಲ್ಲಾ, ನನ್ನ ಕೂಸೇ! ಈ ನಾಲಿಗೆ ಬಿದ್ದುಹೋಗ!” ಎದುರಿಗೆ ಮಗ ಬಂದು ನಿಂತರೂ ಅವಳಿಗೆ ಕಾಣಲೇ ಇಲ್ಲ.

ಯಾರೂ ಸತ್ತಿರಲಿಲ್ಲ. ಆದರೂ ಅವಳನ್ನು ಸುಮ್ಮನಾಗಿಸಲು ಅಪ್ಪನೂ ಮಗನೂ ಆಚೆಗೊಬ್ಬ ಈಚೆಗೊಬ್ಬ ಕೂತು ಬಹಳ ಹೊತ್ತು ಹೆಣಗಬೇಕಾಯಿತು.