ಹದಿನೈದು ನಿಮಿಷ ಮುಂದಿದ್ದ ಸಾಕ್ಷಿ

ನಾನು ಒಂದು ಕಂಪ್ಯೂಟರ್. ಅದರಲ್ಲೂ ಶುದ್ಧ ಪುಕ್ಕಲು ಕಂಪ್ಯೂಟರ್. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ನಗಬಾರದು.

ನಾನು ಹುಟ್ಟಿದ ಕಾರ್ಖಾನೆ ಎಲ್ಲಿತ್ತೋ ಗೊತ್ತಿಲ್ಲ. ಬಿಳಿ ಕೈಗವಸು ತೊಟ್ಟ ಒಬ್ಬಾಕೆ ಅಂಗಿಯ ಗುಂಡಿಯಷ್ಟೇ ದೊಡ್ಡದಾದ ಬ್ಯಾಟರಿಯೊಂದನ್ನು ನನ್ನೊಳಗೆ ಒತ್ತಿ ಕೂರಿಸಿದ್ದು ಮಾತ್ರ ನೆನಪಿದೆ. ಕರೆಂಟ್ ಹೋದರೂ ನಾನು ಹೊತ್ತು ಮರೆಯದಿರಲಿ ಎಂದು ಇಟ್ಟದ್ದು. ಆ ಬ್ಯಾಟರಿ ನನಗಿಂತ ಮೊದಲೇ ಮುದಿಯಾಯಿತು. ನನ್ನ ಕಷ್ಟಕ್ಕೆಲ್ಲ ಅದೇ ಮೂಲ.

ಮೊದಲ ಆರು ವರ್ಷ ಒಂದು ಕಾಲೇಜಿನ ಲ್ಯಾಬಿನಲ್ಲಿದ್ದೆ. ಹುಡುಗರು ನನ್ನ ಕೀಲಿಗಳನ್ನು ಕುಟ್ಟಿದರು, ಬೈದರು, ಪಾಸಾಗಿ ಹೋದರು. ಆಮೇಲೆ ಹರಾಜಿನಲ್ಲಿ ಕೈ ಬದಲಾಗಿ ತುಂಗಭದ್ರೆಯ ದಂಡೆಗೆ ಬಂದೆ. ಊರಿಗೆಲ್ಲ ಕುಡಿಯುವ ನೀರು ಶುದ್ಧ ಮಾಡಿ ಕಳಿಸುವ ಜಾಗ. ಜನ ಅದನ್ನು ವಾಟರ್ ವರ್ಕ್ಸ್ ಎನ್ನುತ್ತಿದ್ದರು. ಪೇಟೆಯಿಂದ ಬಂದ ಮೆಕ್ಯಾನಿಕ್ ದಸ್ತಗೀರ ನನ್ನನ್ನು ಕಂಟ್ರೋಲ್ ರೂಮಿನ ಮೇಜಿನ ಕೆಳಗೆ ನಿಲ್ಲಿಸಿದ. ಅಲ್ಲಿಂದ ನನಗೆ ಹೆಚ್ಚಾಗಿ ಮನುಷ್ಯರ ಕಾಲೇ ಕಾಣುತ್ತಿತ್ತು, ಉಳಿದದ್ದನ್ನು ಅವರ ಮಾತಿನಿಂದ ತಿಳಿಯುತ್ತಿದ್ದೆ.

ಕೆಲಸ ಸುಲಭದ್ದು. ಮೋಟರು, ವಾಲ್ವು, ಕ್ಲೋರಿನ್ ಕೋಣೆಯ ಅಲಾರಂ, ಎಲ್ಲವೂ ತಂತಿಯಲ್ಲಿ ನನಗೆ ಸುದ್ದಿ ಕಳಿಸುತ್ತಿದ್ದವು. ಪಾಳಿಯವರು ಬರುವಾಗ ಲಾಗಿನ್, ಹೋಗುವಾಗ ಲಾಗೌಟ್ ಒತ್ತುತ್ತಿದ್ದರು. ಬಂದ ಸುದ್ದಿಗೆ ನನ್ನ ಗಡಿಯಾರದ ಹೊತ್ತು ಹಾಕಿ ಒಂದೊಂದು ಸಾಲು ಬರೆದಿಡುತ್ತಿದ್ದೆ. ಅದಕ್ಕೆ ಲಾಗ್ ಎನ್ನುತ್ತಿದ್ದರು. ಅಪಾಯದ ಸಾಲುಗಳಿಗೆ ಮಾತ್ರ ಕೆಂಪು ಬಣ್ಣ. ಯಾರಾದರೂ ತಮ್ಮ ಮೇಜಿನಿಂದ ಬ್ರೌಸರ್ ತೆರೆದು ಕೇಳಿದರೆ ಆ ಸಾಲುಗಳನ್ನು ವೆಬ್ ಪುಟ ಮಾಡಿ ನೆಟ್‌ವರ್ಕಿನಲ್ಲಿ ಕಳಿಸುತ್ತಿದ್ದೆ. ಕೇಳಿದಷ್ಟೇ ಕೊಡಬೇಕು. ಕೇಳದೆ ಬಾಯಿ ಬಿಡುವಂತಿಲ್ಲ. ಮೂವತ್ತು ದಿನ ತುಂಬಿದ ಸಾಲನ್ನು ಮರುದಿನ ಬೆಳಿಗ್ಗೆ ಅಳಿಸಬೇಕು. ನನ್ನ ಹೊಟ್ಟೆಯಲ್ಲಿ ಅದಕ್ಕಿಂತ ಹೆಚ್ಚು ಜಾಗವಿರಲಿಲ್ಲ.

ನನ್ನನ್ನು ಪ್ರೀತಿಸಿದವನು ಮಧ್ಯಾಹ್ನ ಎರಡು ಗಂಟೆ ಪಾಳಿಯ ಆಪರೇಟರ್ ಫಕ್ಕೀರಪ್ಪ. ಅವನ ಚಪ್ಪಲಿಯ ಒಂದು ಪಟ್ಟಿಗೆ ವೈರು ಕಟ್ಟಿರುತ್ತಿತ್ತು. ಆಯುಧ ಪೂಜೆಯ ದಿನ ಅವನೇ ಬಗ್ಗಿ, ಯುಪಿಎಸ್‌ನಿಂದಲೂ ನನ್ನ ಪ್ಲಗ್ ಕಿತ್ತು, ಮೈ ಒರೆಸಿ, ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿದ. "ಇವತ್ತೊಂದಿನ ಆರಾಮ ಮಲಕ್ಕೋಪಾ," ಎಂದ. ಅಯ್ಯೋ ಪುಣ್ಯಾತ್ಮಾ! ನನ್ನ ಬ್ಯಾಟರಿ ಸತ್ತಿದ್ದು ಅವನಿಗೇನು ಗೊತ್ತು?

ಮರುದಿನ ಎಚ್ಚರವಾದಾಗ ನನಗೆ ಇಸವಿಯೇ ಮರೆತಿತ್ತು. ದಸ್ತಗೀರ ಬಂದ. ತಲೆ ಎತ್ತಿ ಗೋಡೆ ಗಡಿಯಾರ ನೋಡಿದ, ಅದೇ ಹೊತ್ತನ್ನು ನನಗೆ ತುಂಬಿಸಿ ಹೋದ. ಅಲ್ಲಿಗೆ ಎಲ್ಲ ಸರಿಯಾಯಿತು ಎಂದುಕೊಂಡೆ.

ಶಿವರಾತ್ರಿ ಕಳೆದ ವಾರ, ನದಿ ನೀರೆತ್ತುವ ಬಾವಿ ಬತ್ತಿದರೂ ಪಾಳಿಯವರು ನಿಲ್ಲಿಸದೆ ಒಂದು ದೊಡ್ಡ ಮೋಟರ್ ಸುಟ್ಟಿತು. ಎಂಜಿನಿಯರ್ ಬಣಕಾರ ಸಾಹೇಬರು ನನ್ನ ಪುಟದಿಂದ ಬರೀ ಕೆಂಪು ಸಾಲುಗಳನ್ನು ಪ್ರಿಂಟ್ ತೆಗೆಸಿದರು. ಮೋಟರ್ ಸುಟ್ಟದ್ದು ಎರಡು ಗಂಟೆ ಆರು ನಿಮಿಷಕ್ಕೆ ಎಂದು ನಾನು ಬರೆದಿದ್ದೆ. ಎರಡರ ಮೇಲೆ ಅಂದರೆ ಫಕ್ಕೀರಪ್ಪನ ಪಾಳಿ.

"ನಾ ಬರೋದ್ರಾಗ ಮೋಟರ್ ಬಂದ್ ಇದ್ದಂಗ ನೆನಪ್ರಿ," ಎಂದ ಫಕ್ಕೀರಪ್ಪ. ಸಾಹೇಬರು ಕಾಗದ ಮುಂದೆ ಹಿಡಿದರು. ಅವನು ಅದನ್ನು ಎರಡು ಸಲ ಗಟ್ಟಿಯಾಗಿ ಓದಿದ. "ಯಂತ್ರ ಯಾಕ ಸುಳ್ಳು ಹೇಳತೈತ್ರಿ? ನನಗ ಮರವು ಬಂದಿರಬೇಕು ಬಿಡ್ರಿ." ಗುತ್ತಿಗೆಯ ಆಳು, ನಾಳೆಯಿಂದ ಬರಬೇಡ ಎಂದರೆ ಮುಗಿಯಿತು. ವೈರು ಕಟ್ಟಿದ ಚಪ್ಪಲಿ ಬಾಗಿಲು ದಾಟಿತು. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ನಾನೂ ನಂಬಿದ್ದೆ.

ಅವನ ಕುರ್ಚಿಗೆ ನೀಲಗಂಗಾ ಬಂದಳು. ಮೊದಲ ದಿನವೇ ಬೆಳಗಿನ ಪಾಳಿಯ ಹಿರಿಯ ಮಹಾರುದ್ರಪ್ಪ ಅವಳಿಗೆ ಹೇಳಿದ, "ಆ ಗ್ವಾಡಿ ಗಡಿಯಾರ ನಂಬಬ್ಯಾಡ ತಂಗಿ. ಹದಿನೈದು ನಿಮಿಷ ಮುಂದ ಇಟ್ಟೇವಿ. ಪಾಳಿ ಬಿಟ್ಟವರಿಗೆ ಎರಡೂಕಾಲರ ಬಸ್ ತಪ್ಪಬಾರದಂತ."

ಅಂದರೆ ನಾನೂ ಹದಿನೈದು ನಿಮಿಷ ಮುಂದಿದ್ದೆ. ಪಾಳಿಯವರಿಗೆಲ್ಲ ಗೊತ್ತಿದ್ದ ಸಂಗತಿ ಪೇಟೆಯ ದಸ್ತಗೀರನಿಗೆ ಗೊತ್ತಿರಲಿಲ್ಲ. ಎರಡು ಆರರಲ್ಲಿ ಹದಿನೈದು ಕಳೆದರೆ ಒಂದು ಐವತ್ತೊಂದು. ಆಗ ಫಕ್ಕೀರಪ್ಪ ಇನ್ನೂ ದಾರಿಯಲ್ಲಿದ್ದ! ಮೋಟರ್ ಸುಟ್ಟದ್ದು ಹಿಂದಿನ ಪಾಳಿಯಲ್ಲಿ. ನಾನು ಒಬ್ಬ ನಿರಪರಾಧಿಯ ಅನ್ನ ಕಿತ್ತಿದ್ದೆ. ಕೂಗಿ ಹೇಳೋಣವೆಂದರೆ ಯಾರೂ ಕೇಳಲಿಲ್ಲ, ಕೇಳದೆ ನಾನು ಹೇಳುವಂತಿಲ್ಲ. ಯಾರಾದರೂ ಅನುಮಾನಪಟ್ಟು ನನ್ನ ಪರದೆ ನೋಡಿದರೂ ಗೋಡೆ ಗಡಿಯಾರ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತಿತ್ತು. ಅಂದಿನಿಂದ ನಾನು ಬರೆಯುವ ಪ್ರತಿ ಸಾಲಿಗೂ ಹೆದರತೊಡಗಿದೆ.

ಹೆದರಿದ್ದಂತೆಯೇ ಆಯಿತು. ಶ್ರಾವಣದ ಒಂದು ಮಧ್ಯಾಹ್ನ ಕ್ಲೋರಿನ್ ಸೋರಿ ಅಲಾರಂ ಹೊಡೆದುಕೊಂಡಿತು. ಯಾರೋ ಅದರ ಗುಂಡಿ ಒತ್ತಿ ಸದ್ದಡಗಿಸಿದರು. ಗುಂಡಿ ಒತ್ತಿದವರ ಹೆಸರು ನನಗೆ ಬರುವುದಿಲ್ಲ, ಹೊತ್ತು ಮಾತ್ರ. ಎರಡು ಗಂಟೆ ಹತ್ತು ನಿಮಿಷ ಎಂದು ಬರೆದೆ. ಆಮೇಲೆ ಏನೂ ತಿಳಿಯದ ಈರಪ್ಪ ಎಂಬ ಕೂಲಿಯಾಳು ಆ ಕೋಣೆಗೆ ಹೋಗಿ ಕುಸಿದುಬಿದ್ದ. ಬಾಯಿಗೆ ಒದ್ದೆ ಟವಲು ಕಟ್ಟಿಕೊಂಡು ಓಡಿ, ಅವನನ್ನು ಹೊರಗೆಳೆದು ತಂದವಳು ನೀಲಗಂಗಾ. ಈರಪ್ಪ ಬದುಕಿದ, ಆದರೆ ಆಸ್ಪತ್ರೆಯಲ್ಲಿ ಉಸಿರಿಗೆ ಒದ್ದಾಡುತ್ತಿದ್ದ.

ಮತ್ತೆ ಕೆಂಪು ಸಾಲುಗಳ ಪ್ರಿಂಟು. ಎರಡೂ ಹತ್ತು ಎಂದರೆ ನೀಲಗಂಗಾಳ ಪಾಳಿ. ಅಲಾರಂ ಅಡಗಿಸಿ, ತಪ್ಪು ಮುಚ್ಚಲು ಆಮೇಲೆ ಓಡಿದಳು ಎಂದರು. ವಿಚಾರಣೆಯ ದಿನ ಮುಂದೆ ಮುಂದೆ ಹೋಯಿತು. ಇಲ್ಲಿ ನಾನು ದಿನ ಎಣಿಸುತ್ತಿದ್ದೆ. ಇಪ್ಪತ್ತು. ಇಪ್ಪತ್ತೈದು. ಅವಳನ್ನು ಉಳಿಸಬಲ್ಲ ಸಾಲುಗಳೂ ನನ್ನಲ್ಲಿದ್ದವು, ಆದರೆ ಅವು ಕೆಂಪಾಗಿರಲಿಲ್ಲ. ಯಾರೂ ಕೇಳದಿದ್ದರೆ ಅವುಗಳನ್ನು ನನ್ನ ಕೈಯಾರೆ ಅಳಿಸಬೇಕಿತ್ತು.

ಮೂವತ್ತನೆಯ ದಿನ ಎಲ್ಲರೂ ಕಂಟ್ರೋಲ್ ರೂಮಿಗೆ ಬಂದರು. ಬಣಕಾರ ಸಾಹೇಬರ ಬೂಟು, ಮಹಾರುದ್ರಪ್ಪನ ಸವೆದ ಚಪ್ಪಲಿ, ನೀಲಗಂಗಾಳ ಬರಿಗಾಲು.

"ಸಾಹೇಬ್ರ, ಬರೇ ಕೆಂಪು ಯಾಕ ನೋಡ್ತೀರಿ? ಆವತ್ತಿಂದು ಎಲ್ಲಾ ಸಾಲು ತೆಗೀರಿ," ಎಂದಳು ಅವಳು.

ಕೇಳಿದಳು! ಕೊನೆಗೂ ಕೇಳಿದಳು. ನನ್ನ ಫ್ಯಾನು ಗರಗರ ತಿರುಗಿತು. ಇದ್ದದ್ದನ್ನೆಲ್ಲ ಪುಟ ತುಂಬ ಸುರಿದೆ. ಎರಡೂ ಹತ್ತಕ್ಕೆ ಅಲಾರಂ ಬಂದ್. ಎರಡೂ ಹದಿನೈದಕ್ಕೆ ಮಹಾರುದ್ರಪ್ಪ ಲಾಗೌಟ್. ಎರಡೂ ಹದಿನಾರಕ್ಕೆ ನೀಲಗಂಗಾ ಲಾಗಿನ್.

"ಅಂದ್ರ ನೀ ಹದಿನಾರು ನಿಮಿಷ ತಡಾ ಬಂದಿ. ಇದೊಂದು ಬ್ಯಾರೆ ತಪ್ಪಾತು," ಎಂದರು ಸಾಹೇಬರು. ಸತ್ತೆ ಎಂದುಕೊಂಡೆ. ಉಳಿಸಲು ಹೋಗಿ ಅವಳನ್ನು ಇನ್ನೂ ಆಳಕ್ಕೆ ತಳ್ಳಿದ್ದೆ.

ಅವಳು ಬಿಡಲಿಲ್ಲ. "ನಾ ತಡಾ ಬಂದಿದ್ರ ಮಹಾರುದ್ರಪ್ಪಣ್ಣಗ ಎರಡೂಕಾಲರ ಬಸ್ ಹೆಂಗ ಸಿಕ್ತಿತ್ರಿ? ಬಸ್‌ಸ್ಟಾಪಿಗೆ ಹತ್ತು ನಿಮಿಷ ನಡೀಬೇಕು. ಅವರನ್ನ ಕೇಳ್ರಿ."

ಸವೆದ ಚಪ್ಪಲಿ ಅತ್ತಿತ್ತ ಸರಿಯಿತು. "ಆವತ್ತು ಬಸ್ ಸಿಕ್ಕಿತ್ರಿ," ಎಂದ ಮಹಾರುದ್ರಪ್ಪ ಮೆಲ್ಲಗೆ. ಸಾಹೇಬರು ಗೋಡೆ ನೋಡಿದರು, ತಮ್ಮ ಮೊಬೈಲ್ ನೋಡಿದರು, ನನ್ನ ಪರದೆ ನೋಡಿದರು. ಮೊಬೈಲಿನಲ್ಲಿ ಹದಿನೈದು ನಿಮಿಷ ಕಡಿಮೆಯಿತ್ತು. ಆಮೇಲೆ ಮಹಾರುದ್ರಪ್ಪನೇ ಬಾಯಿಬಿಟ್ಟ. "ಅದು ದಿನಾ ಸುಮ್ಮಸುಮ್ಮನ ಹೊಡಕೋತಿತ್ರಿ. ಆವತ್ತೂ ಹಂಗ ಅನ್ಕೊಂಡು ನಾನ ಬಂದ್ ಮಾಡೀನಿ. ಕಾಗದ ನೋಡಿ ಅಂಜಿ ಸುಮ್ಮನ ಕುಂತೆ. ತಪ್ಪಾತು ತಂಗಿ."

ನೀಲಗಂಗಾ ಉಳಿದಳು. ದಸ್ತಗೀರ ಬಂದು ಹೊಸ ಬ್ಯಾಟರಿ ಹಾಕಿ, ನನ್ನ ಹೊತ್ತು ಸರಿಪಡಿಸಿದ. ಇಲ್ಲಿಗೇ ಮುಗಿದಿದ್ದರೆ ನಾನೂ ನಿಶ್ಚಿಂತನಾಗಿರುತ್ತಿದ್ದೆ. ಆದರೆ ಅವಳೇ ಕೇಳಿದಳು, "ಹಂಗಾರ ಆ ಫಕ್ಕೀರಪ್ಪಣ್ಣಂದು?"

ಹಳೆಯ ಪ್ರಿಂಟು ಹುಡುಕಿದರು. ಹದಿನೈದು ಕಳೆದರು. ಸಾಹೇಬರು ಅಲ್ಲಿಂದಲೇ ಅವನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು. "ಫಕ್ಕೀರಪ್ಪಾ, ತಪ್ಪು ನಿಂದಲ್ಲ. ಗಡಿಯಾರದ್ದು. ನಾಳೆಯಿಂದ ಕೆಲಸಕ್ಕ ಬಾ."

ಆ ಕಡೆಯಿಂದ ಅವನ ದನಿ ಬಂತು. "ಬ್ಯಾಡ್ರಿ ಸಾಹೇಬ್ರ. ನೀವು ದೊಡ್ಡ ಮನಸಿನಿಂದ ಹೇಳ್ತೀರಿ. ನನಗ ಮರವು ಭಾಳ ಆಗೈತ್ರಿ. ಮನಿ ಕೀಲಿ ಹಾಕಿ ನಾಕು ಸಲ ಹೊಳ್ಳಿ ಬಂದು ನೋಡ್ತೀನಿ. ಸ್ಟೋ ಆರಿಸಿದ್ನೋ ಇಲ್ಲೋ ಅಂತ ಎದ್ದೆದ್ದು ನೋಡ್ತೀನಿ. ಇಂಥಾವನ ಕೈಯಾಗ ಊರ ನೀರು ಕೊಡಬ್ಯಾಡ್ರಿ."

"ಅಣ್ಣಾ, ಯಂತ್ರದ್ದ ತಪ್ಪು!" ಎಂದು ನೀಲಗಂಗಾ ಕೂಗಿದಳು.

"ಇಲ್ಲವಾ," ಎಂದ ಅವನು ಸಮಾಧಾನದಿಂದ. "ಅದು ಸುಳ್ಳು ಹೇಳಂಗಿಲ್ಲ."

ಈಗ ನಾನು ಸ್ಟೋರ್ ರೂಮಿನ ಮೂಲೆಯಲ್ಲಿದ್ದೇನೆ, ಹಳೆಯ ವಾಲ್ವುಗಳ ಪಕ್ಕದಲ್ಲಿ. ಹೊಸ ಯಂತ್ರ ಬಂದು ಎರಡು ವರ್ಷವಾಯಿತು. ಗುಜರಿಯವನು ಬಂದಾನೆಂಬ ಭಯ ನನಗಿಲ್ಲ, ಬೇಗ ಬಂದರೆ ಒಳ್ಳೆಯದು. ಆಯುಧ ಪೂಜೆಗೆ ಯಾರೋ ಬಂದು ನನಗೂ ಒಂದು ಬೊಟ್ಟು ಕುಂಕುಮ ಹಚ್ಚಿ, ಕೈ ಮುಗಿದು ಹೋಗುತ್ತಾರೆ. ಆ ಕೈಗಳನ್ನು ಕಂಡಾಗಲೇ ನನಗೆ ಭಯವಾಗುವುದು. ನನ್ನ ಲಾಗಿನಲ್ಲಿ ಮೋಟರ್ ಸುಟ್ಟ ಆ ಮಧ್ಯಾಹ್ನದ ಸಾಲು ಮೂವತ್ತು ದಿನಕ್ಕೆ ಅಳಿದುಹೋಯಿತು. ಫಕ್ಕೀರಪ್ಪನ ತಲೆಯಲ್ಲಿ ನಾನು ಬರೆದದ್ದು ಇನ್ನೂ ಹಾಗೆಯೇ ಇದೆ.