ಅಕ್ಕನ ಬೆನ್ನು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮೂಳೆಯ ಸ್ಕ್ಯಾನ್ ಮಾಡುವ ಹೆಂಗಸಿಗೆ ಆ ಕೆಲಸ ಹಿಡಿದು ಹದಿನೇಳು ವರ್ಷವಾಗಿತ್ತು. ದಿನಕ್ಕೆ ಹತ್ತು ಹನ್ನೆರಡು ಮಂದಿ ಬರುತ್ತಿದ್ದರು, ಹೆಚ್ಚಿನವರು ಮುಟ್ಟು ನಿಂತ ಹೆಂಗಸರು. ಎತ್ತರ ಅಳೆದು, ತೂಕ ನೋಡಿ, ಮೇಜಿನ ಮೇಲೆ ಮಲಗಿಸಿ, ಯಂತ್ರದ ತೋಳು ಮೆಲ್ಲಗೆ ಸರಿಯುವಾಗ ಎಲ್ಲರಿಗೂ ಒಂದೇ ಪಾಠ ಒಪ್ಪಿಸುತ್ತಿದ್ದಳು: "ಬೆನ್ನುನೋವನ್ನ ವಯಸ್ಸಿನ ತಲೆಗೆ ಕಟ್ಟಬೇಡಿ ಅಮ್ಮ. ಮುಟ್ಟು ನಿಂತ ಮೇಲೆ ಮೂಳೆ ಸದ್ದಿಲ್ಲದೆ ಸವೆಯತ್ತೆ. ಮುರಿಯೋವರೆಗೂ ಗೊತ್ತೇ ಆಗಲ್ಲ."

ಆ ಮಂಗಳವಾರ ಗಾಲಿಕುರ್ಚಿಯಲ್ಲಿ ಕೂತು ಬಂದವಳು ಅವಳ ಒಡಹುಟ್ಟಿದ ಅಕ್ಕ.

ಅಮ್ಮ ತೀರಿಕೊಂಡಾಗ ಇವಳಿಗೆ ಏಳು, ಅಕ್ಕನಿಗೆ ಹದಿನೈದು. ತಲೆ ಬಾಚಿದ್ದು, ಶಾಲೆಗೆ ಕಳಿಸಿದ್ದು, ತಪ್ಪು ಮಾಡಿದಾಗ ಎರಡು ಬಿಗಿದದ್ದು, ಎಲ್ಲ ಅಕ್ಕನೇ. ಈಗ ಅರವತ್ತೊಂದರ ಅಕ್ಕ ಒಂದು ಲಾಡ್ಜಿನ ಲಾಂಡ್ರಿಯಲ್ಲಿ ಹೊದಿಕೆ, ಹಾಸುಬಟ್ಟೆ ಮಡಿಸುವವರ ಮೇಲ್ವಿಚಾರಕಿ. ಹಿಂದಿನ ಶನಿವಾರ ಮಡಿಸುವ ಮೇಜಿನ ಮುಂದೆ ನಿಂತು ಒಂದು ಸೀನು ಸೀನಿದ್ದಳು, ಅಷ್ಟೆ. ಬೆನ್ನೊಳಗೆ ಏನೋ ಕುಸಿದಂತಾಗಿ ಉಸಿರು ಸಿಕ್ಕಿಕೊಂಡಿತು. ಜೊತೆಯ ಹೆಂಗಸರು ಕರೆತಂದು ಸೇರಿಸಿದ್ದು ಇದೇ ಆಸ್ಪತ್ರೆಗೆ. ಎರಡು ಮಹಡಿ ಮೇಲೆ ಅಕ್ಕ ಮಲಗಿದ್ದಾಳೆಂದು ತಂಗಿಗೆ ಗೊತ್ತಾದದ್ದು ಮೂರು ದಿನ ಕಳೆದ ಮೇಲೆ, ಅದೂ ವಾರ್ಡಿನಿಂದ ಬಂದ ಚೀಟಿಯಲ್ಲಿ ಹೆಸರು ಓದಿದಾಗ.

"ನನಗ್ಯಾಕೆ ಹೇಳಿ ಕಳಿಸಲಿಲ್ಲ ಅಕ್ಕ?"

"ನಿನಗೆ ಕೈ ತುಂಬ ಕೆಲಸ ಇರತ್ತಲ್ಲ."

ಸೊಂಟಪಟ್ಟಿ ಕಟ್ಟಿಕೊಂಡಿದ್ದ ಅಕ್ಕನನ್ನು ಹುಷಾರಾಗಿ ಗೋಡೆಗೆ ನಿಲ್ಲಿಸಿ ಅಳೆದಳು. ನೂರ ಐವತ್ತೊಂದು ಸೆಂಟಿಮೀಟರ್.

"ಮೊದಲು ಎಷ್ಟಿದ್ದೆ?"

"ನೂರ ಐವತ್ತೆಂಟು. ಅಪ್ಪನ ಭುಜಕ್ಕೆ ಭುಜ ಕೊಟ್ಟು ನಿಲ್ತಿದ್ದೆ. ಅದೂ ಮರೆತ್ಯಾ?"

ಫಾರಂನ ಮುಂದಿನ ಪ್ರಶ್ನೆ ಮುಟ್ಟು ನಿಂತ ವಯಸ್ಸಿನದು. ಇದನ್ನು ಕೇಳುವ ಅಗತ್ಯವೇ ಇರಲಿಲ್ಲ. ನಲವತ್ತೊಂದಕ್ಕೇ ಅಕ್ಕನ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದಿದ್ದರು. ಆ ದಿನ ಒಪ್ಪಿಗೆಪತ್ರಕ್ಕೆ ಸಹಿ ಹಾಕಿದವಳು ಇವಳೇ. ನಲವತ್ತೈದರೊಳಗೆ ನಿಂತಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಬೇಕು, ಅಂಥವರನ್ನು ಬೇಗ ಪರೀಕ್ಷಿಸಬೇಕು ಎಂದು ಹೊಸಬರಿಗೆ ಕಲಿಸುತ್ತಿದ್ದವಳೂ ಇವಳೇ. ಕೆಂಪು ಪೆನ್ನು ತೆಗೆದು ಸುತ್ತು ಹಾಕಿದಳು.

ಪರದೆಯ ಮೇಲೆ ಮೂಳೆಯ ಗಟ್ಟಿತನದ ಅಂಕಿ ಮೂಡಿತು: ಮೈನಸ್ ಮೂರೂವರೆ. ಮೈನಸ್ ಎರಡೂವರೆಗೆ ಬಂದರೇ ಮೂಳೆ ಟೊಳ್ಳಾಗಿದೆ ಎಂದು ಬರೆಯುತ್ತಾರೆ. ಸಂಜೆ ಡಾಕ್ಟರು ಉಳಿದ ಚಿತ್ರಗಳನ್ನೂ ತರಿಸಿ ನೋಡಿದರು.

"ಬೆನ್ನುಮೂಳೆ ಮೂರು ಕಡೆ ಕುಸಿದಿದೆ. ಒಂದು ಮೊನ್ನೆಯದು. ಇನ್ನೆರಡು ಹಳೇವು, ಹಾಗೇ ಕೂಡಿಕೊಂಡುಬಿಟ್ಟಿವೆ. ಹಿಂದೆ ಯಾವಾಗಲಾದರೂ ಜೋರು ನೋವು ಬಂದಿತ್ತಾ?"

ಅಕ್ಕ ಡಾಕ್ಟರ ಕಡೆಗೇ ನೋಡುತ್ತ ಹೇಳಿದಳು, "ಬಂದಿತ್ತು ಸಾರ್, ಎರಡು ವರ್ಷದ ಹಿಂದೆ. ಮೂರು ಸಲ ಫೋನ್ ಮಾಡಿ ಹೇಳಿದ್ದೆ. ವಯಸ್ಸಾಯ್ತಲ್ಲ ಅಕ್ಕ, ಒಂದು ನೋವಿನ ಮಾತ್ರೆ ನುಂಗು, ಬಿಡುವಾದಾಗ ಕರೀತೀನಿ ಅಂದ್ರು."

ಯಾರು ಅಂದರೆಂದು ಡಾಕ್ಟರು ಕೇಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ತಂಗಿಯ ಮುಖ ನೋಡಿದವರು ಕಡತದತ್ತ ಕಣ್ಣು ಹೊರಳಿಸಿದರು. ದಿನಕ್ಕೊಂದರಂತೆ ಎರಡು ವರ್ಷ ಇಂಜೆಕ್ಷನ್, ಆಮೇಲೆ ಬೇರೆ ಔಷಧಿ, ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ, ಹೇಳಿಕೊಟ್ಟಷ್ಟೇ ವ್ಯಾಯಾಮ. ಬಗ್ಗಿ ಭಾರ ಎತ್ತುವುದು ಕೂಡದು. "ಕಳೆದ ಎತ್ತರ ವಾಪಸ್ ಬರಲ್ಲ ಅಮ್ಮ. ಇನ್ನೊಂದು ಮುರಿಯದ ಹಾಗೆ ನೋಡಿಕೊಳ್ಳೋಣ," ಎಂದರು.

ಹೊರಗೆ ಕಾರಿಡಾರಿನಲ್ಲಿ ತಂಗಿ ಗಾಲಿಕುರ್ಚಿಯ ಪಕ್ಕ ಮಂಡಿಯೂರಿದಳು. "ದಿನಾ ಬೆಳಿಗ್ಗೆ ನಾನೇ ಬಂದು ಇಂಜೆಕ್ಷನ್ ಕೊಡ್ತೀನಿ ಅಕ್ಕ. ತಪ್ಪಾಯ್ತು."

"ಕೈಗೇನೂ ಆಗಿಲ್ಲ ನನಗೆ. ನಾನೇ ಚುಚ್ಚಿಕೊಳ್ತೀನಿ." ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. "ಆಗ ಎಷ್ಟು ನೋವು ಗೊತ್ತಾ? ನಡುಮನೆಯಿಂದ ಬಚ್ಚಲಿಗೆ ಗೋಡೆ ಹಿಡ್ಕೊಂಡು ಹೋಗ್ತಿದ್ದೆ. ಆದ್ರೂ ಅಂದ್ಕೊಂಡೆ, ನನ್ನ ತಂಗಿ ಇದೇ ಕೆಲಸ ಮಾಡೋಳು, ಏನಾದ್ರೂ ಇದ್ದಿದ್ರೆ ಹೇಳದೆ ಇರ್ತಿದ್ಲಾ ಅಂತ. ನಿನ್ನ ನಂಬಿ ಸುಮ್ಮನಾದೆ. ಯಾರೋ ಹೊರಗಿನವಳಾಗಿದ್ರೆ ಇನ್ನೊಬ್ಬರನ್ನ ಕೇಳ್ತಿದ್ದೆ."

ತಂಗಿ ಎದ್ದು ಗಾಲಿಕುರ್ಚಿಯನ್ನು ವಾರ್ಡಿನ ಕಡೆಗೆ ತಳ್ಳಿದಳು.

ಆಮೇಲೆ ಭಾನುವಾರಗಳಂದು ಅಕ್ಕನ ಮನೆಗೆ ಹೋಗಿಬರತೊಡಗಿದಳು. ಜಾರುವ ಚಾಪೆ ತೆಗೆಸಿದಳು, ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿದಳು, ಕೆಳಗಿನ ಗೂಡಿನ ಪಾತ್ರೆಗಳನ್ನೆಲ್ಲ ಕೈಗೆಟಕುವಂತೆ ಮೇಲಿಟ್ಟಳು. ಅಕ್ಕ ತಡೆಯಲಿಲ್ಲ, ಕೂತು ಮಾತಾಡಲೂ ಇಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟರಲ್ಲೇ ಮುಗಿಸುತ್ತಿದ್ದಳು.

ವರ್ಷ ಕಳೆದ ಮೇಲೆ ಎರಡನೆಯ ಸ್ಕ್ಯಾನಿಗೆ ಅಕ್ಕ ನಡೆದುಕೊಂಡೇ ಬಂದಳು. ಅಂಕಿ ಮೈನಸ್ ಮೂರಕ್ಕೆ ಏರಿತ್ತು. ಬೆನ್ನಿನ ಗೂನು ಹಾಗೇ ಇತ್ತು. ಜೊತೆಗೆ ಲಾಂಡ್ರಿಯ ಮೂವರು ಹೆಂಗಸರಿದ್ದರು, ಎಲ್ಲರಿಗೂ ಐವತ್ತು ದಾಟಿತ್ತು. ಮೂವರಿಗೂ ಅಕ್ಕ ಬೇರೆ ಡಾಕ್ಟರ ಹತ್ತಿರ ಸ್ಕ್ಯಾನಿನ ಚೀಟಿ ಬರೆಸಿ ತಂದಿದ್ದಳು. ಅವನ್ನು ತಂಗಿಯ ಮುಂದಿನ ಕಿಟಕಿಯಲ್ಲಿ ಒಂದರ ಮೇಲೊಂದು ಇಟ್ಟಳು.

"ಇವರಿಗೂ ಬೆನ್ನುನೋವು. ಇವತ್ತೇ ಮಾಡಿಕೊಡ್ತೀರಾ, ಮೇಡಂ?"

ಇವಳನ್ನು ಏಳನೇ ವಯಸ್ಸಿನಿಂದ ಬೈದಾಗಲೂ ಮುದ್ದು ಮಾಡಿದಾಗಲೂ "ಏನೇ" ಎಂದೇ ಕರೆದವಳು. ತಂಗಿ ತಲೆ ಎತ್ತಲಿಲ್ಲ.

"ಮಾಡ್ತೀನಿ, ಕೂತ್ಕೊಳ್ಳಿ," ಎಂದು ಮೊದಲ ಚೀಟಿ ತೆಗೆದುಕೊಂಡಳು.

ಅಕ್ಕ ಬೆಂಚಿನ ಆ ತುದಿಗೆ ಹೋಗಿ, ತನ್ನವರ ನಡುವೆ ಕೂತು, ಯಾವುದೋ ಮಾತಿಗೆ ನಕ್ಕಳು.