ಗಾಳಿಯಾಡದ ಮೂಲೆ

ಗುಂಡಿ ಒತ್ತಿದಾಗ ಮೊದಲು ಫ್ಯಾನಿನ ಸದ್ದು ಕೇಳುತ್ತದೆ. ಅದರ ಮುಂದಿರುವ ತಗಡಿನ ಪಟ್ಟಿಗಳು ಆಮೇಲೆ, ಒಂದೊಂದಾಗಿ, ಮೇಲೇಳುತ್ತವೆ. ನಿದ್ದೆಯಿಂದ ಏಳುವ ಮಗುವಿನ ರೆಪ್ಪೆಗಳ ಹಾಗೆ ಎಂದು ನನ್ನ ಹೆಂಡತಿ ಮಂದಾಕಿನಿ ಹೇಳುತ್ತಿದ್ದಳು. ಅವಳು ಹೋದ ಮೇಲೂ ನಾನು ದಿನವೂ ಆ ಗುಂಡಿ ಒತ್ತುತ್ತೇನೆ. ಪಟ್ಟಿಗಳು ಎದ್ದು ಹೊರಗಿನ ಬೆಳಕು ಒಳಗೆ ಬೀಳುವ ಆ ಕ್ಷಣದಲ್ಲಿ, ಫ್ಯಾನು ನಮ್ಮ ಮನೆಗೆ ಬಂದ ಬೇಸಿಗೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ಊರ ದೇವಿಯ ಗುಡಿಗೆ ಹೂ ಒದಗಿಸುವುದು ನಮ್ಮ ಮನೆತನದ ಸೇವೆ. ಮನೆಯ ಹಿಂದಿನ ಗಾಜಿನ ಮನೆಯನ್ನು ಕಟ್ಟಿಸಿದವರು ನಮ್ಮ ತಂದೆ. ಕೆಡವಿದ ಹಳೆಯ ಕಟ್ಟಡಗಳ ಕಿಟಕಿಗಾಜುಗಳನ್ನು ಹುಡುಕಿ ತಂದು ಜೋಡಿಸಿದ್ದರಿಂದ ಅದರ ಗೋಡೆಗಳು ಒಂದು ಕಡೆ ಹಸಿರು, ಒಂದು ಕಡೆ ಹಳದಿ, ಇನ್ನೊಂದು ಕಡೆ ನಸುಗೆಂಪು. ಬೆಳಗ್ಗೆ ಒಳಗೆ ನಡೆದರೆ ನಮ್ಮ ಕೈಗಳ ಬಣ್ಣವೇ ಬದಲಾಗುತ್ತ ಹೋಗುತ್ತಿತ್ತು. ನೀರಿನೊಳಗೆ ನಡೆದ ಹಾಗೆ. ಕೆಳಗೆ ದವನ, ಮರುಗ, ಪಚ್ಚೆತೆನೆ. ಮೇಲೆ ಮರದ ಕೊರಡುಗಳಿಗೆ ಬೇರುಬಿಟ್ಟ ಸೀತಾಳೆ ಗಿಡಗಳು. ವರ್ಷಕ್ಕೊಮ್ಮೆ ಅವು ಮೊಳದುದ್ದದ ಜಡೆಯಂತೆ ಹೂ ಇಳಿಬಿಡುತ್ತಿದ್ದವು. ಜ್ಯೇಷ್ಠದ ಹುಣ್ಣಿಮೆಗೆ ದೇವಿಯ ಕೊರಳಿಗೆ ಸೀತಾಳೆಯ ಮಾಲೆ. ಅದು ತಪ್ಪಿದ್ದನ್ನು ನಮ್ಮ ಹಿರಿಯರು ಯಾರೂ ಕಂಡಿರಲಿಲ್ಲ.

ಆ ವರ್ಷ ಬಿಸಿಲು ವಿಪರೀತವಾಗಿತ್ತು. ಗಾಜಿನ ಮೇಲೆ ಹಬೆ ಕೂತು ತೊಟ್ಟಿಕ್ಕುತ್ತಿತ್ತು. ಸೀತಾಳೆಯ ಮೊಗ್ಗುಗಳು ತುದಿಯಿಂದ ಕಪ್ಪಾಗತೊಡಗಿದವು. ಮಂದಾಕಿನಿಯ ತಮ್ಮ ನರಹರಿಗೆ ಪಂಪು, ಫ್ಯಾನು ರಿಪೇರಿ ಮಾಡುವ ಅಂಗಡಿಯಿತ್ತು. ಅವನನ್ನು ಕರೆಸಿದೆ. ಒಳಗೆ ಕಾಲಿಟ್ಟವನೇ ಕನ್ನಡಕ ತೆಗೆದು ಒರೆಸಿಕೊಂಡ.

"ಇಡ್ಲಿ ಪಾತ್ರೆ ಆಗಿದೆ ಭಾವ ಇದು. ಹೂ ಬೆಳೀತಿದೀರೋ, ಬೇಯಿಸ್ತಿದೀರೋ?"

"ಒಂದು ಸಣ್ಣ ಫ್ಯಾನು ಹಾಕಿದರೆ ಸಾಲದೇನಯ್ಯ?"

"ಸಣ್ಣದು ಜೋರಾಗಿ ತಿರುಗಿ ಕಿರುಚತ್ತೆ ಅಷ್ಟೇ. ದೊಡ್ಡ ರೆಕ್ಕೆಯದು ನಿಧಾನ ತಿರುಗಿದರೂ ಹೆಚ್ಚು ಗಾಳಿ ಹೊರಗೆ ಹಾಕತ್ತೆ. ಒಳಗಿನ ಗಾಳಿ ಅಷ್ಟೂ ನಿಮಿಷಕ್ಕೊಂದು ಸಲ ಹೊಸದಾಗಬೇಕು. ಅದನ್ನ ನನಗೆ ಬಿಡಿ, ನೀವು ಮಂತ್ರ ನೋಡ್ಕೊಳಿ."

ಮಂದಾಕಿನಿ ಪಡುವಣ ಗೋಡೆಯ ಬಳಿ ನಿಂತಿದ್ದಳು. ಅಲ್ಲಿ ಒಂದು ತುಳಸಿಯ ಕುಂಡ, ಅದರ ಪಕ್ಕದಲ್ಲಿ ಒಂದು ಮಣ್ಣಿನ ಹಣತೆ. ದಿನವೂ ಬೆಳಗ್ಗೆ ಮಿಂದು ಬಂದು ಅವಳು ಅದನ್ನು ಹಚ್ಚುತ್ತಿದ್ದಳು. ಎಣ್ಣೆ ತೀರುವವರೆಗೆ ಅದು ಉರಿಯುತ್ತಿತ್ತು.

"ದೀಪ ಆರತ್ತೇನೋ ನರಹರಿ?" ಎಂದಳು.

"ದೀಪಕ್ಕೆ ಗೊತ್ತಾಗದ ಹಾಗೆ ಬೀಸೋ ಫ್ಯಾನು ಇನ್ನೂ ಯಾರೂ ಮಾಡಿಲ್ಲ ಅಕ್ಕ," ಎಂದು ನಕ್ಕ. ಅವಳು ನಗಲಿಲ್ಲ.

ನಮ್ಮೂರಲ್ಲಿ ಗಾಳಿ ಬೀಸುವುದು ಪಡುವಣದಿಂದ. ಆದ್ದರಿಂದ ಗಾಳಿ ಒಳಬರುವ ದೊಡ್ಡ ಕಿಟಕಿಯನ್ನು ಆ ಕಡೆಗೂ, ಗಾಳಿಯನ್ನು ಹೊರಹಾಕುವ ಫ್ಯಾನನ್ನು ಮೂಡಣ ಗೋಡೆಗೂ ಇಟ್ಟೆವು. ಎದುರುಗಾಳಿಗೆ ಫ್ಯಾನು ಕೂರಿಸಿದರೆ ಹೊಳೆಗೆ ಎದುರಾಗಿ ಈಜಿದಂತೆ ಎಂದು ನರಹರಿ ಹೇಳಿದ. ಚೌಕಟ್ಟಿನ ಅಡಿಗೆ ರಬ್ಬರು ಕೊಟ್ಟು, ಗಾಜು ನಡುಗದಂತೆ ಬಿಗಿದ. ಫ್ಯಾನಿಗೆ ಕುಂಕುಮವಿಟ್ಟು, ಕಾಯಿ ಒಡೆದು ಗುಂಡಿ ಒತ್ತಿದೆವು. ಪಟ್ಟಿಗಳು ಮೇಲೆದ್ದವು. ಇಡೀ ಗಾಜಿನ ಮನೆ ಒಮ್ಮೆ ದೀರ್ಘವಾಗಿ ಉಸಿರುಬಿಟ್ಟ ಹಾಗಾಯಿತು. ಸೀತಾಳೆಯ ಎಲೆಗಳು ಅಲುಗಿದವು. ತುಳಸಿಯ ಪಕ್ಕದ ದೀಪ ಒಡನೆಯೇ ಆರಿತು.

ಎರಡು ದಿನ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಬೆಳಗಿನ ಹೊತ್ತು ಫ್ಯಾನು ಏದುಸಿರು ಬಿಡತೊಡಗಿತು. ಪಟ್ಟಿಗಳು ಅರ್ಧ ಮಾತ್ರ ಏಳುತ್ತಿದ್ದವು, ಜ್ವರ ಬಂದವರ ಕಣ್ಣಿನಂತೆ. ಹಬೆ ಮತ್ತೆ ಕೂತಿತು. ಹೊಸ ಮೊಗ್ಗುಗಳೂ ಕಪ್ಪಾದವು. ನರಹರಿ ಬಂದು ನೋಡಿದ.

"ನಾನು ಕೂರಿಸಿದ ಫ್ಯಾನು ಸೋಲೋದಿಲ್ಲ ಭಾವ. ಬೆಲ್ಟು ಸಡಿಲ ಆಗಿರಬೇಕು," ಎಂದು ಬೆಲ್ಟನ್ನು ಎಷ್ಟು ಬಿಗಿದನೆಂದರೆ ಅದು ಕಿರ್ರೆಂದು ಕೂಗಿ ಹರಿದೇ ಹೋಯಿತು. ಮುಖ ಸಣ್ಣದಾಗಿ ಅತ್ತಿತ್ತ ನೋಡುವಾಗ ಪಡುವಣದ ಕಿಟಕಿ ಅವನ ಕಣ್ಣಿಗೆ ಬಿತ್ತು. ಕಿಟಕಿಗೆ ಅಡ್ಡಲಾಗಿ ಒಂದು ಗಳ. ಗಳದ ಮೇಲೆ ಮಂದಾಕಿನಿಯ ಮಡಿ ಸೀರೆ ಇಡೀ ಅಗಲಕ್ಕೆ ಹರವಿಕೊಂಡಿತ್ತು.

"ಅಕ್ಕ, ಗಾಳಿ ಬರೋ ಬಾಗಿಲಿಗೇ ಪರದೆ ಕಟ್ಟಿದೀಯಲ್ಲೇ!"

"ಮುಟ್ಟಬೇಡ. ಮಡಿಗೆ ಒಣಹಾಕಿರೋದು. ಅಂಗಡಿ ಬಟ್ಟೆಯಲ್ಲಿ ಬಂದಿದೀಯ."

"ಹಿತ್ತಲಲ್ಲಿ ಒಣಹಾಕಬಾರದೇ?"

"ಅಲ್ಲಿ ಕಾಗೆ ಮುಟ್ಟತ್ತೆ."

"ಕಾಗೆ ಮುಟ್ಟಬಾರದು, ತಮ್ಮ ಮುಟ್ಟಬಾರದು. ನಿನ್ನ ಸೀರೆ ಒಣಗಿಸೋಕೆ ಭಾವನ ಕೈಲಿ ಇಷ್ಟು ದೊಡ್ಡ ಫ್ಯಾನು ತರಿಸಿದೆ ನೋಡು. ಮೂಗು ಬಾಯಿ ಮುಚ್ಚಿ ಉಸಿರಾಡು ಅಂದ್ರೆ ಅದಾದರೂ ಹೇಗೆ ಆಡತ್ತೆ?"

ಮಂದಾಕಿನಿಯ ಮುಖ ಬಿಳಿಚಿಕೊಂಡಿತು. ಎದ್ದು ಮನೆಯೊಳಗೆ ಹೋದಳು. ಹೊಸ ಬೆಲ್ಟು ತರುತ್ತೇನೆಂದು ನರಹರಿಯೂ ಹೊರಟ.

ಮಡಿಯ ಬಟ್ಟೆಯನ್ನು ನಾನೂ ಮುಟ್ಟುವಂತಿರಲಿಲ್ಲ, ನಿಂತು ನೋಡಿದೆ. ಸೀರೆಯ ಕೆಳಗಿನ ಅಂಚಿನ ಮೇಲೆ, ಗಾಳಿಗೆ ಅದು ಏಳದಂತೆ, ಹೂಕುಂಡಗಳನ್ನು ಸಾಲಾಗಿ ಇಡಲಾಗಿತ್ತು. ಒಣಗುವ ಬಟ್ಟೆಗೆ ಯಾರೂ ಹೀಗೆ ಕುಂಡ ಹೇರುವುದಿಲ್ಲ. ಸೀರೆಯ ಮರೆಯಲ್ಲಿ ಹಣತೆ ನೆಟ್ಟಗೆ ಉರಿಯುತ್ತಿತ್ತು.

ಅವಳು ಸೀರೆ ತೆಗೆಯಲು ಬಂದಾಗ ಕೇಳಿದೆ. "ದೀಪಕ್ಕೋಸ್ಕರವೇ?"

ತಲೆಯಾಡಿಸಿದಳು.

"ತುಳಸಿಯ ದೀಪ ತಾನೇ? ಮೇಲೆ ಒಂದು ಗಾಜಿನ ಬುರುಡೆ ಇಟ್ಟರಾಯಿತು."

"ಗಾಜಿನೊಳಗೆ ಬೇಡಿ. ಅದಕ್ಕೆ ಉಸಿರು ಕಟ್ಟತ್ತೆ."

ದವನದ ಪಾತಿಗೆ ಬಗ್ಗಿ ಕಳೆ ಕೀಳುತ್ತ, ನನ್ನ ಕಡೆ ನೋಡದೆ ಹೇಳಿದಳು. "ಅದು ತುಳಸಿಯ ದೀಪ ಅಲ್ಲ."

ನಮಗೆ ಮೊದಲು ಹುಟ್ಟಿದ್ದು ಹೆಣ್ಣುಮಗು. ಅದು ಅಳಲಿಲ್ಲ. ಸೂಲಗಿತ್ತಿ ಬೆನ್ನು ತಟ್ಟಿದಳು, ಬಾಯಿಗೆ ಬಾಯಿಟ್ಟು ಊದಿದಳು, ಎದೆ ಏಳಲಿಲ್ಲ. ಸಂಪಿಗೆಯ ಬುಡದಲ್ಲಿ ಮಣ್ಣು ಮಾಡಿ ಬಂದೆ. ಅಂಥ ಮಗುವಿಗೆ ಹೆಸರಿಲ್ಲ, ತರ್ಪಣವಿಲ್ಲ, ತಿಥಿಯಿಲ್ಲ ಎಂದು ಹಿರಿಯರು ಹೇಳಿದರು. ಶಾಸ್ತ್ರ ಹಾಗೆಯೇ ಇದೆ. ಆಮೇಲೆ ನಮಗೆ ಮಕ್ಕಳಾಗಲಿಲ್ಲ. ಆ ಮಾತನ್ನು ನಾವಿಬ್ಬರೂ ಎತ್ತಿದ್ದೇ ಇಲ್ಲ.

"ದೇವರ ಮನೆಯಲ್ಲಿ ಅದಕ್ಕೆ ದೀಪ ಸಲ್ಲದು ಅಂದರು ಅತ್ತೆ," ಎಂದಳು. "ಇಲ್ಲಿ ಹಚ್ಚಿದೆ. ಯಾರೂ ಕೇಳಲಿಲ್ಲ. ಉಸಿರೇ ಕಾಣದ್ದು ಅದು. ಒಂದು ದೀಪವಾದರೂ ಅದರ ಪಾಲಿಗೆ ಕೊನೇವರೆಗೂ ಉರೀಲಿ ಅಂತ. ಮೊಗ್ಗು ಕಪ್ಪಾಗೋದು ನನಗೂ ಕಾಣತ್ತೆ. ದೇವಿ ನನ್ನ ಮೇಲೆ ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಲಿ."

ತಲೆಮಾರುಗಳ ಸೇವೆ ಒಂದು ಕಡೆ, ಆ ಹಣತೆ ಒಂದು ಕಡೆ. ನಾನು ನಿತ್ಯ ಸಹಸ್ರನಾಮ ಹೇಳುವವನು. ಆದರೆ ಆ ಹೊತ್ತಿಗೆ ಒಂದು ನಾಮವೂ ನಾಲಿಗೆಗೆ ಬರಲಿಲ್ಲ. ಹಸಿರು ಗಾಜಿನ ಬೆಳಕು ಅವಳ ನರೆತ ಕೂದಲ ಮೇಲೆ ಬಿದ್ದಿತ್ತು.

"ನಾಳೆಯೂ ಸೀರೆ ಹರವು," ಎಂದೆ. "ಮಾಲೆ ಇಲ್ಲದಿದ್ದರೆ ಗುಡಿಯಲ್ಲಿ ನಾನು ಹೇಳಿಕೊಳ್ಳುತ್ತೇನೆ. ಅವಳೂ ತಾಯಿಯೇ."

ಮರುದಿನ ಮಧ್ಯಾಹ್ನ ನರಹರಿ ಬರುವ ಹೊತ್ತಿಗೆ ಹಣತೆಯ ಎಣ್ಣೆ ತೀರಿತ್ತು, ಸೀರೆ ಗಳದ ಮೇಲಿರಲಿಲ್ಲ. ಅವನು ಹೊಸ ಬೆಲ್ಟು ಹಾಕಿ, ಬೆರಳಿನಿಂದ ಒತ್ತಿ ನೋಡಿ, ಈ ಸಲ ಹದವಾಗಿ ಬಿಗಿದ. ಆಮೇಲೆ ಊದುಬತ್ತಿ ಹಚ್ಚಿಕೊಂಡು ಗಾಳಿ ಎಲ್ಲೆಲ್ಲಿ ಓಡುತ್ತದೆಂದು ನೋಡುತ್ತ ಹೊರಟ. ಕಿಟಕಿಯ ಬಳಿ ಹೊಗೆ ಅಡ್ಡಡ್ಡಲಾಗಿ ಹರಿಯಿತು. ಮಧ್ಯಕ್ಕೆ ಬಂದಾಗ ಸೀತಾಳೆಯ ಎಲೆಗಳ ನಡುವೆ ನುಸುಳಿ ಸಾಗಿತು. ಮೂಡಣ ಗೋಡೆಗೆ ಬಂದು, ಫ್ಯಾನಿನ ಪಕ್ಕದ ಮೂಲೆಯಲ್ಲಿ ಊದುಬತ್ತಿ ಹಿಡಿದಾಗ ಅವನು ಹುಬ್ಬು ಗಂಟಿಕ್ಕಿದ. ಹೊಗೆ ಒಂದು ನೂಲಿನಂತೆ ನೇರ ಮೇಲಕ್ಕೆ ಹೋಗುತ್ತಿತ್ತು.

"ದೀಪದ ಬುಡದಲ್ಲಿ ಕತ್ತಲೆ ಅನ್ನೋದು ಇದಕ್ಕೇ ಭಾವ. ಫ್ಯಾನಿನ ಮಗ್ಗುಲಲ್ಲೇ ಗಾಳಿ ಇಲ್ಲ. ಇಲ್ಲೊಂದು ಸಣ್ಣ ಫ್ಯಾನು ತೂಗುಹಾಕಿಬಿಡ್ತೀನಿ."

ಮಂದಾಕಿನಿ ಹತ್ತಿರ ಬಂದು ಆ ಹೊಗೆಯನ್ನೇ ನೋಡುತ್ತ ನಿಂತಳು.

"ಬೇಡ ಕಣೋ. ಈ ಮೂಲೆ ಹೀಗೇ ಇರಲಿ."

"ಗಿಡ ಇಟ್ಟರೆ ಬೂಷ್ಟು ಹಿಡಿಯತ್ತೆ ಅಕ್ಕ."

"ಗಿಡ ಇಡಲ್ಲ."

ಹಣತೆಯನ್ನು ತಂದು ಅಲ್ಲಿಟ್ಟಳು. ಹಚ್ಚಿದಳು. ಫ್ಯಾನು ಪೂರ್ತಿ ಓಡುತ್ತಿತ್ತು, ಹೂಜಡೆಗಳು ತೂಗುತ್ತಿದ್ದವು, ಜ್ವಾಲೆ ಮಾತ್ರ ಕೆತ್ತಿಟ್ಟ ಹಾಗೆ ನಿಂತಿತ್ತು. ನರಹರಿ ಅಕ್ಕನ ಮುಖ ನೋಡಿದ, ನನ್ನ ಮುಖ ನೋಡಿದ. ತಮಾಷೆ ಮಾಡಲಿಲ್ಲ. ಉಳಿದ ಊದುಬತ್ತಿಯನ್ನು ಹಣತೆಯ ಪಕ್ಕದಲ್ಲಿ ಸಿಕ್ಕಿಸಿ ಕೈ ಒರೆಸಿಕೊಂಡ.

ಆ ವರ್ಷದ ಮಾಲೆ ಗಿಡ್ಡವಾಗಿತ್ತು. ದೇವಿಯ ಕೊರಳಿಗೆ ಬಂತು, ಎದೆಗೆ ಇಳಿಯಲಿಲ್ಲ. ಅರ್ಚಕರು ಅದನ್ನೇ ಸರಿಪಡಿಸಿ ಆರತಿ ಎತ್ತಿದರು.

ಅಂದಿನಿಂದ ಆ ಫ್ಯಾನಿನ ಆರೈಕೆ ನನ್ನದು. ಧೂಳು ಕೂತರೆ ರೆಕ್ಕೆ ಭಾರವಾಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ಪಟ್ಟಿಗಳ ಕೀಲಿಗೆ ಎಣ್ಣೆ ಬಿಡುತ್ತೇನೆ. ಅವಳಿದ್ದಾಗ ಏಣಿ ಹಿಡಿದುಕೊಂಡು ಕೆಳಗೆ ನಿಲ್ಲುತ್ತಿದ್ದಳು, ನಾಲ್ಕು ಹನಿ ನನಗೂ ಎಂದು ಹಣತೆ ಕೇಳಿದರೆ ಈ ಯಂತ್ರದ ಎಣ್ಣೆ ಕೊಡಬೇಡಿ ಎಂದು ನಗುತ್ತಿದ್ದಳು.

ಅವಳು ತೀರಿಕೊಂಡಾಗ ಕರ್ಮಗಳನ್ನು ಶಾಸ್ತ್ರೋಕ್ತವಾಗಿ ಮಾಡಿದೆ. ಯಾವುದಕ್ಕೂ ಕೊರತೆಯಾಗಲಿಲ್ಲ. ಕಳೆದ ತಿಂಗಳು ನರಹರಿ ಕೋಲೂರಿಕೊಂಡು ಬಂದ.

"ಹಳೇದಾಯ್ತು ಭಾವ. ಈಗ ಬರೋ ಫ್ಯಾನುಗಳಲ್ಲಿ ಮೂಲೆ ಮೂಲೆಗೂ ಗಾಳಿ," ಎಂದು ಶುರುಮಾಡಿದವನು ಮೂಡಣ ಮೂಲೆಯ ಕಡೆ ನೋಡಿ ಮಾತು ನಿಲ್ಲಿಸಿದ. ಚೀಲದಿಂದ ಬೆಲ್ಟು ತೆಗೆದ. "ಬೆಲ್ಟು ಬದಲಾಯಿಸಿದರೆ ಇನ್ನೂ ಓಡತ್ತೆ ಬಿಡಿ."

ಈಗ ಆ ಹಣತೆಗೆ ಎರಡು ಬತ್ತಿ ಹಾಕುತ್ತೇನೆ. ಬಿಸಿಲು ಇಳಿದ ಮೇಲೆ ಗುಂಡಿ ಒತ್ತಿ ಫ್ಯಾನು ನಿಲ್ಲಿಸುತ್ತೇನೆ. ರೆಕ್ಕೆಗಳು ನಿಧಾನವಾಗುತ್ತವೆ, ಹೂಜಡೆಗಳು ತೂಗಾಡುವುದನ್ನು ಬಿಡುತ್ತವೆ, ತಗಡಿನ ಪಟ್ಟಿಗಳು ಒಂದರ ಹಿಂದೆ ಒಂದು ಮುಚ್ಚಿಕೊಳ್ಳುತ್ತವೆ. ಗಾಜಿನ ಮನೆ ಮಬ್ಬಾಗುತ್ತದೆ. ಮೂಲೆಯಲ್ಲಿ ಎರಡು ಜ್ವಾಲೆಗಳು, ಗಾಳಿ ಇದ್ದುದೂ ನಿಂತುದೂ ತಿಳಿಯದೆ, ಒಂದನ್ನೊಂದು ತಾಗಿಕೊಂಡು ಉರಿಯುತ್ತಿರುತ್ತವೆ.